ಒಂದೇ ಜಾಹೀರಾತು ಯಾಕೆ ಇಷ್ಟು ಸಲ?

ತುಮಕೂರಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋಗುವಾಗ ದಾಬಸ್‌ಪೇಟೆ ದಾಟುವಷ್ಟರಲ್ಲೇ ಒಂದೇ ಸೀರೆ ಅಂಗಡಿಯ ಜಾಹೀರಾತು ಎಫ್ಎಂನಲ್ಲಿ ಮೂರು ಸಲ ಯಾಕೆ ಬರುತ್ತದೆ, ಕೆಲವದರ ಕೊನೆಯಲ್ಲಿ ಯಾರೋ ಉಸಿರು ಬಿಡದೆ ಓದುವುದೇನು ಅಂತ ಕೇಳಿದ್ದೀರಿ.

ರೇಡಿಯೋದಲ್ಲಿ ಸಮಯ ಮಾರುವುದು 10 ಸೆಕೆಂಡಿನ ಲೆಕ್ಕದಲ್ಲಿ. ಅಂಗಡಿಯವರು ದಿನಕ್ಕೆ ಇಷ್ಟು ಸಲ ಅಂತ ಒಟ್ಟಿಗೆ ಕೊಳ್ಳುತ್ತಾರೆ, ಯಾಕಂದ್ರೆ ಕೇಳುವವರು ಹತ್ತುತ್ತಾ ಇಳಿಯುತ್ತಾ ಇರುತ್ತಾರೆ, ಯಾರ ಕಿವಿಗೆ ಯಾವಾಗ ಬೀಳುತ್ತದೋ ಹೇಳೋಕಾಗಲ್ಲ. ತೋರಿಸೋಕೆ ಚಿತ್ರವೂ ಇಲ್ಲ, ಹಾಗಾಗಿ ಅಂಗಡಿ ಹೆಸರನ್ನೇ ಕೂಗಿ ಕೂಗಿ ತಲೆಗೆ ತುಂಬಬೇಕು. ಕಿಟಕಿ ಪಕ್ಕ ಕೂತು ಪೂರ್ತಿ ಕೇಳುವ ನಿಮ್ಮಂಥವರಿಗೇ ಶಿಕ್ಷೆ!

ಜಾಹೀರಾತಿನ ಮಾತೂ ಅದೇ: "ರೀ, ಆಷಾಢ ಬಂತು!" ಅಂತ ಹೆಂಡತಿ, "ಅಯ್ಯೋ, ನನ್ನ ಪರ್ಸು!" ಅಂತ ಗಂಡ, ಆಮೇಲೆ ಇಬ್ಬರ ನಗು, ಹಿಂದೆಯೇ ಅಂಗಡಿ ವಿಳಾಸ. ಎಷ್ಟೋ ವರ್ಷದಿಂದ ಇದೇ ಅಲ್ವಾ? ನನಗಂತೂ ಆ ಸುಳ್ಳು ನಗುವೇ ಜಾಸ್ತಿ ಕಿರಿಕಿರಿ, ಜಾಹೀರಾತಿನ ರಾಗ ಹೇಗೋ ಸಹಿಸಬಹುದು.

ಕೊನೆಯಲ್ಲಿ ಗಡಗಡ ಓದುವುದು ಹೆಚ್ಚಾಗಿ ಮ್ಯೂಚುವಲ್ ಫಂಡಿನ ಎಚ್ಚರಿಕೆ. ಷೇರುಪೇಟೆ, ಮ್ಯೂಚುವಲ್ ಫಂಡುಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿಯ ನಿಯಮದ ಪ್ರಕಾರ ಅದನ್ನು ಹೇಳಲೇಬೇಕು, ಆದರೆ ಪ್ರತಿ ಸೆಕೆಂಡಿಗೂ ದುಡ್ಡು, ಅದಕ್ಕೇ ಆ ಓಟ.

ತುಮಕೂರಲ್ಲಿದ್ದಾಗ ಅಲ್ಲಿನ ರೇಡಿಯೋ ಸಿದ್ಧಾರ್ಥ ಹಾಕಿ ನೋಡಿ. ಅದು ಸಮುದಾಯ ಬಾನುಲಿ, ಅಂದ್ರೆ ಲಾಭಕ್ಕಲ್ಲದೆ ಸುತ್ತಮುತ್ತಲಿನ ಜನರಿಗಾಗಿ ನಡೆಸುವ ಸಣ್ಣ ಕೇಂದ್ರ. ಅಂಥ ಕೇಂದ್ರಗಳು 2024ರ ನಿಯಮದಂತೆ ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕುವಂತಿಲ್ಲ. ಬಸ್ಸಲ್ಲಿ ಮಾತ್ರ ಡ್ರೈವರ್ ಇಟ್ಟಿದ್ದೇ ಸ್ಟೇಷನ್, ಸುಮ್ನೆ ಇಯರ್‌ಫೋನ್ ಇಟ್ಟುಕೊಳ್ಳಿ.