ಕಸಿ ಮಾಡಿದ ತೊಟ್ಟು: ಕಪ್ಪು ಹಕ್ಕಳೆ, ಬಿಳಿ ಮಚ್ಚೆ, ಕಾಯಬೇಕಾದ ತಿಂಗಳುಗಳು

ಸ್ತನದ ಗಾತ್ರ ತಗ್ಗಿಸುವ ಶಸ್ತ್ರಚಿಕಿತ್ಸೆಯ ಕುರಿತು ಬಂದ ಪತ್ರಗಳಲ್ಲಿ ಮೂರನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೂರೂ ತೊಟ್ಟಿನ ಕಸಿಗೆ ಸಂಬಂಧಿಸಿದವು. ಬರೆದವರ ಹೆಸರು, ಊರುಗಳನ್ನು ಬಿಡಲಾಗಿದೆ.

ಪ್ರಶ್ನೆ: ನನಗೆ 44 ವರ್ಷ. ಸ್ತನಗಳು ವಿಪರೀತ ದೊಡ್ಡವಾಗಿ ಹೊಟ್ಟೆಯವರೆಗೆ ಜೋತುಬಿದ್ದಿದ್ದವು. ಕತ್ತು ಮತ್ತು ಬೆನ್ನು ನೋವು, ಬ್ರಾ ಪಟ್ಟಿ ಒತ್ತಿ ಹೆಗಲಿನಲ್ಲಿ ಬಿದ್ದ ಗುಳಿ, ಬೇಸಿಗೆ ಬಂದರೆ ಸ್ತನದ ಅಡಿಯಲ್ಲಿ ಹುಣ್ಣು, ಇವೆಲ್ಲದರಿಂದ ಬೇಸತ್ತು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ತೊಟ್ಟುಗಳನ್ನು ಪೂರ್ತಿ ಬೇರ್ಪಡಿಸಿ ಮೇಲೆ ಕಸಿ ಮಾಡಿದ್ದಾರೆ. ಕಟ್ಟು ಬಿಚ್ಚಿದ ದಿನ ಅವು ನೇರಳೆ ಬಣ್ಣದಲ್ಲಿದ್ದವು. ಈಗ ಮೂರನೆಯ ವಾರ. ಬಲಗಡೆಯದರ ಮೇಲೆ ಒಣಗಿದ ಕಪ್ಪು ಹಕ್ಕಳೆ ಕಟ್ಟಿದೆ, ಎಡಗಡೆಯದರಲ್ಲಿ ಸಿಪ್ಪೆ ಎದ್ದು ಕೆಳಗೆ ಎಳೆಗೆಂಪು ಚರ್ಮ ಕಾಣುತ್ತಿದೆ. ಎರಡೂ ಚಪ್ಪಟೆಯಾಗಿವೆ, ಮುಟ್ಟಿದರೆ ಗೊತ್ತಾಗುವುದಿಲ್ಲ. ವಾಸನೆ, ಜ್ವರ ಇಲ್ಲ. ಕಸಿ ಸತ್ತುಹೋಗಿದೆಯೇ? ಮನೆಯಲ್ಲಿ ಅರಿಸಿನ ಹಚ್ಚು ಎನ್ನುತ್ತಿದ್ದಾರೆ.

ಉತ್ತರ: ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾಗದಿದ್ದರೂ, ನೀವು ವಿವರಿಸಿರುವುದು ಮೂರನೆಯ ವಾರದಲ್ಲಿ ಸಾಮಾನ್ಯವಾಗಿ ಕಾಣುವ ಸ್ಥಿತಿಯೇ. ಹಕ್ಕಳೆಯ ಕಪ್ಪನ್ನು ನೋಡಿ ಕಸಿ ಹೋಯಿತೆಂದು ತೀರ್ಮಾನಿಸಬೇಡಿ.

ತೊಟ್ಟು ಹೀಗೇಕೆ ಕಾಣುತ್ತದೆಂದು ತಿಳಿಯಲು ಏನು ನಡೆದಿದೆಯೆಂಬುದನ್ನು ಸ್ವಲ್ಪ ನೋಡಬೇಕು. ಸ್ತನ ತಗ್ಗಿಸುವ ಬಹುಪಾಲು ಶಸ್ತ್ರಚಿಕಿತ್ಸೆಗಳಲ್ಲಿ ತೊಟ್ಟನ್ನು ಕಡಿದು ತೆಗೆಯುವುದಿಲ್ಲ. ರಕ್ತನಾಳ ಮತ್ತು ನರಗಳಿರುವ ಅಂಗಾಂಶದ ಒಂದು ಪಟ್ಟಿಗೆ, ವೈದ್ಯರು ಪೆಡಿಕಲ್ ಎನ್ನುವ ಭಾಗಕ್ಕೆ, ಅದನ್ನು ಅಂಟಿಕೊಂಡಂತೆಯೇ ಉಳಿಸಿಕೊಂಡು ಮೇಲಕ್ಕೆ ಸರಿಸುತ್ತಾರೆ. ಆದರೆ ಸ್ತನ ತುಂಬ ಜೋತುಬಿದ್ದಿದ್ದರೆ ಆ ಪಟ್ಟಿ ಬಹಳ ಉದ್ದವಾಗಿ, ತುದಿಯಲ್ಲಿರುವ ತೊಟ್ಟಿಗೆ ರಕ್ತ ಸಾಲದೆ ಅದು ಕೊಳೆಯುವ ಅಪಾಯವಿರುತ್ತದೆ. ಒಂದೊಂದು ಬದಿಯಿಂದ ಒಂದು ಕಿಲೋಗೂ ಹೆಚ್ಚು ಅಂಗಾಂಶ ತೆಗೆಯಬೇಕಾದವರಲ್ಲಿ, ಹತೋಟಿಗೆ ಬಾರದ ಮಧುಮೇಹ ಇರುವವರಲ್ಲಿ, ತಂಬಾಕು ಬಳಸುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅಂಥ ಸಂದರ್ಭದಲ್ಲಿ ತೊಟ್ಟನ್ನೂ ಅದರ ಸುತ್ತಲಿನ ಕಂದು ವಲಯವನ್ನೂ ಪೂರ್ಣದಪ್ಪದ ಚರ್ಮದ ತುಂಡಾಗಿ ಬೇರ್ಪಡಿಸಿ, ಹಿಂಬದಿಯ ಕೊಬ್ಬನ್ನು ಹೆರೆದು ತೆಳುವಾಗಿಸಿ, ಹೊಸ ಜಾಗದಲ್ಲಿ ಹೊಲಿಯುತ್ತಾರೆ. ಷಿಕಾಗೊದ ಶಸ್ತ್ರಚಿಕಿತ್ಸಕ ಮ್ಯಾಕ್ಸ್ ಥೋರೆಕ್ 1922ರಲ್ಲಿ ಪ್ರಕಟಿಸಿದ ಈ ವಿಧಾನ ಶತಮಾನ ಕಳೆದರೂ ಬಳಕೆಯಲ್ಲಿ ಉಳಿದಿರುವುದಕ್ಕೆ, ನಿಮ್ಮಂಥವರಲ್ಲಿ ಅದಕ್ಕಿಂತ ಸುರಕ್ಷಿತವಾದ ದಾರಿ ಹಲವು ಸಲ ಇಲ್ಲದಿರುವುದೇ ಕಾರಣ.

ಹೀಗೆ ಹೊಲಿದ ಚರ್ಮಕ್ಕೆ ಮೊದಲ ಎರಡು ದಿನ ತನ್ನದೇ ರಕ್ತಸಂಚಾರ ಇರುವುದಿಲ್ಲ. ಕೆಳಗಿನ ಹಾಸಿನಿಂದ ಒಸರುವ ದ್ರವವನ್ನು ಹೀರಿಕೊಂಡೇ ಅದು ಜೀವ ಹಿಡಿದಿರುತ್ತದೆ. ಎರಡು ಮೂರನೆಯ ದಿನದ ಹೊತ್ತಿಗೆ ಕೆಳಗಿನ ಸೂಕ್ಷ್ಮ ರಕ್ತನಾಳಗಳ ಬಾಯಿ ಕಸಿಯೊಳಗಿನ ನಾಳಗಳ ಬಾಯಿಗೆ ಕೂಡಿಕೊಳ್ಳತೊಡಗುತ್ತದೆ. ವಾರದೊಳಗೆ ರಕ್ತ ಹರಿಯಲು ಆರಂಭವಾಗುತ್ತದೆ. ಈ ಅವಧಿಯಲ್ಲಿ ಕಸಿ ಜರುಗಬಾರದು, ಅಡಿಯಲ್ಲಿ ರಕ್ತ ಹೆಪ್ಪುಗಟ್ಟಬಾರದು ಎಂದೇ ಹತ್ತಿಯ ಉಂಡೆಯಿಟ್ಟು ದಾರದಿಂದ ಬಿಗಿದು ಐದಾರು ದಿನ ಬಿಚ್ಚದೆ ಬಿಡುವುದು. ರಕ್ತ ಒಳಗೆ ಬರಲು ಶುರುವಾಗಿ ಹೊರಗೆ ಹರಿದುಹೋಗುವ ದಾರಿ ಇನ್ನೂ ಸರಿಹೋಗದಿರುವ ದಿನಗಳಲ್ಲಿ ತೊಟ್ಟು ನೇರಳೆಯಾಗಿ ಕಾಣುತ್ತದೆ. ಕಟ್ಟು ಬಿಚ್ಚಿದ ದಿನ ನೀವು ಕಂಡದ್ದು ಅದೇ. ಕಿತ್ತು ನಾಟಿ ಮಾಡಿದ ಪೈರು ಬೇರು ಹಿಡಿಯುವ ಮುನ್ನ ಕೆಲವು ದಿನ ಹಳದಿಗಟ್ಟಿ ಸೊರಗಿ ನಿಲ್ಲುತ್ತದಲ್ಲ, ಹಾಗೆ ಈ ಹಂತವನ್ನು ನೋಡಿದರೆ ಸಾಕು.

ಈ ನಡುವೆ ಚರ್ಮದ ಮೇಲ್ಪದರ, ಆಹಾರ ಕಡಿಮೆಯಾಗಿ, ಒಣಗಿ ಕಪ್ಪಾಗಿ ಹಕ್ಕಳೆಯಾಗುತ್ತದೆ. ಅದರಡಿಯ ಒಳಪದರ ಬದುಕಿದ್ದರೆ ಹೊಸ ಮೇಲ್ಪದರ ಬೆಳೆದು ಎರಡರಿಂದ ನಾಲ್ಕು ವಾರದಲ್ಲಿ ಹಕ್ಕಳೆಯನ್ನು ತಾನೇ ಎತ್ತಿಬಿಡುತ್ತದೆ. ನಿಮ್ಮ ಎಡಗಡೆಯಲ್ಲಿ ಕಾಣುತ್ತಿರುವ ಎಳೆಗೆಂಪು ಚರ್ಮ ಈ ಹೊಸ ಪದರ. ಬಲಗಡೆಯದು ಮಾಯುವುದರಲ್ಲಿ ಕೆಲವು ದಿನ ಹಿಂದುಳಿದಿದೆ, ಅಷ್ಟೆ. ಎರಡು ಬದಿಗಳು ಒಂದೇ ವೇಗದಲ್ಲಿ ಮಾಯಬೇಕೆಂಬ ನಿಯಮವಿಲ್ಲ. ದಯವಿಟ್ಟು ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸಬೇಡಿ. ಎಬ್ಬಿಸಿದರೆ ಅದರೊಂದಿಗೆ ಎಳೆಯ ಪದರವೂ ಕಿತ್ತುಬರುತ್ತದೆ. ನಿಮ್ಮ ಶಸ್ತ್ರಚಿಕಿತ್ಸಕರು ಹೇಳಿದ ಮುಲಾಮು, ಅಂಟದ ಜಾಲರಿ ಬಟ್ಟೆ, ಮೇಲೆ ಮೆತ್ತನೆಯ ಒತ್ತಡವಿಲ್ಲದ ಒಳ ಉಡುಪು, ಇಷ್ಟೇ ಸಾಕು. ಅರಿಸಿನ ಬೇಡ. ಅಡುಗೆಮನೆಯ ಪುಡಿ ಕ್ರಿಮಿರಹಿತವಲ್ಲ, ಜೊತೆಗೆ ಅದರ ಹಳದಿ ಬಣ್ಣ ಗಾಯದ ನಿಜವಾದ ಬಣ್ಣವನ್ನು ಮರೆಮಾಡುತ್ತದೆ; ವೈದ್ಯರಿಗೆ ಈಗ ನೋಡಬೇಕಾಗಿರುವುದು ಆ ಬಣ್ಣವನ್ನೇ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು ಬೇರೆ. ಕಪ್ಪು ಭಾಗ ಒಣಗಿರದೆ ಒದ್ದೆಯಾಗಿ ಮೆತ್ತಗಿದ್ದು ಕೊಳೆತ ವಾಸನೆ ಬರುವುದು, ಕೀವು ಸುರಿಯುವುದು, ಸುತ್ತಲಿನ ಚರ್ಮದಲ್ಲಿ ಕೆಂಪು ದಿನದಿನಕ್ಕೆ ಹರಡುವುದು, ಚಳಿಜ್ವರ, ಒಂದು ಬದಿ ಇದ್ದಕ್ಕಿದ್ದಂತೆ ಊದಿ ಬಿಗಿಯುವುದು, ಇವುಗಳಲ್ಲಿ ಯಾವುದೇ ಕಂಡರೂ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯಬಾರದು. ಕಸಿಯ ಒಂದಿಷ್ಟು ಭಾಗ ನಿಜವಾಗಿಯೂ ಹಿಡಿಯದೆ ಹೋದರೂ, ಆ ಜಾಗ ಹೆಚ್ಚಿನವರಲ್ಲಿ ಸುತ್ತಲಿನಿಂದ ಚರ್ಮ ಬೆಳೆದು ತಾನೇ ಮುಚ್ಚಿಕೊಳ್ಳುತ್ತದೆ, ಸ್ವಲ್ಪ ತಡವಾಗಿ ಮತ್ತು ಕಲೆ ಉಳಿಸಿ.

ಇನ್ನು ಚಪ್ಪಟೆಯಾಗಿರುವ ವಿಷಯ. ಇದನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ನಿಮಗೆ ಬಿಡಿಸಿ ಹೇಳಬೇಕಿತ್ತು, ಮಾಗಿದ ಕಸಿಗಳ ಚಿತ್ರಗಳನ್ನೂ ತೋರಿಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ತೆಳುವಾಗಿಸಿ ಹೊಲಿದ ತೊಟ್ಟು ಮೊದಲಿನಷ್ಟು ಮುಂಚಾಚುವುದು ಅಪರೂಪ. ಊತ ಇಳಿದಂತೆ ಮೊದಲ ತಿಂಗಳುಗಳಲ್ಲಿ ಆಕಾರ ಇನ್ನಷ್ಟು ತಗ್ಗಬಹುದು. ನರಗಳು ಕಡಿದುಹೋಗಿರುವುದರಿಂದ ಈಗ ಸ್ಪರ್ಶ ತಿಳಿಯುವುದಿಲ್ಲ. ಸುತ್ತಲಿನಿಂದ ನರದ ಎಳೆಗಳು ಬೆಳೆದು ತಿಂಗಳುಗಳ ಮೇಲೆ ಕೆಲವರಿಗೆ ಒಂದಷ್ಟು ಸ್ಪರ್ಶಜ್ಞಾನ ಮರಳುತ್ತದೆ. ಮೊದಲಿನ ಸಂವೇದನೆ ಪೂರ್ತಿಯಾಗಿ ಬರುತ್ತದೆಂದು ನಿರೀಕ್ಷಿಸಬಾರದು. ಚಳಿಗೆ ತೊಟ್ಟು ನಿಮಿರುವುದು ಮಾತ್ರ ಕೆಲವರಲ್ಲಿ ಉಳಿಯುತ್ತದೆ, ಏಕೆಂದರೆ ಅದಕ್ಕೆ ಕಾರಣವಾದ ಸಣ್ಣ ಸ್ನಾಯುಗಳು ಚರ್ಮದೊಂದಿಗೇ ಬಂದಿರುತ್ತವೆ.

ಪ್ರಶ್ನೆ: ನನ್ನ ತಂಗಿಗೆ 26 ವರ್ಷ, ಮದುವೆಯಾಗಿಲ್ಲ. ಅವಳಿಗೂ ಇದೇ ಶಸ್ತ್ರಚಿಕಿತ್ಸೆಗೆ ವೈದ್ಯರು ಹೇಳಿದ್ದಾರೆ, ತೊಟ್ಟಿನ ಕಸಿ ಬೇಕಾಗಬಹುದು ಎಂದಿದ್ದಾರೆ. ಮುಂದೆ ಮಗುವಿಗೆ ಹಾಲು ಕುಡಿಸಬಹುದೇ?

ಉತ್ತರ: ಕಸಿ ಮಾಡಿದರೆ ಆಗುವುದಿಲ್ಲ. ಹಾಲಿನ ನಾಳಗಳೆಲ್ಲ ಕಡಿದುಹೋಗುತ್ತವೆ, ಅವು ಮತ್ತೆ ತೊಟ್ಟಿಗೆ ಕೂಡಿಕೊಳ್ಳುವುದಿಲ್ಲ. ಒಳಗೆ ಉಳಿದ ಗ್ರಂಥಿ ಹೆರಿಗೆಯ ನಂತರ ಹಾಲು ತಯಾರಿಸಿ ಸ್ತನ ಬಿಗಿದು ನೋಯಬಹುದು. ಅದು ಕೆಲವು ದಿನಗಳಲ್ಲಿ ಇಳಿಯುತ್ತದೆ. ಪೆಡಿಕಲ್ ಉಳಿಸುವ ವಿಧಾನದಲ್ಲಿ ಹಾಲೂಡುವ ಸಾಧ್ಯತೆ ಪೂರ್ತಿ ಹೋಗುವುದಿಲ್ಲ, ಆದರೆ ಖಾತರಿಯೂ ಇರುವುದಿಲ್ಲ.

ಆದ್ದರಿಂದ ಈ ವಯಸ್ಸಿನವರಲ್ಲಿ ಪೆಡಿಕಲ್ ಉಳಿಸಲು ಸಾಧ್ಯವೇ ಎಂದು ಗಟ್ಟಿಯಾಗಿ ಕೇಳಲೇಬೇಕು. ಕತ್ತಿನ ಕೆಳಗಿನ ಎಲುಬಿನ ಗುಳಿಯಿಂದ ತೊಟ್ಟಿಗೆ ಎಷ್ಟು ಸೆಂಟಿಮೀಟರ್ ಇದೆ, ಎಷ್ಟು ದೂರ ಮೇಲಕ್ಕೆ ಸರಿಸಬೇಕು ಎಂಬ ಅಳತೆಗಳನ್ನು ತಿಳಿದುಕೊಂಡು ಇನ್ನೊಬ್ಬ ಪ್ಲಾಸ್ಟಿಕ್ ಸರ್ಜನ್ ಅವರ ಅಭಿಪ್ರಾಯ ಪಡೆಯುವುದರಲ್ಲಿ ಸಂಕೋಚ ಬೇಡ. ಒಪ್ಪಿಗೆ ಪತ್ರದಲ್ಲಿ ಒಂದು ಸಾಲನ್ನು ಗಮನಿಸಿ: ಪೆಡಿಕಲ್‌ನೊಂದಿಗೆ ಆರಂಭಿಸಿದರೂ, ಮೇಜಿನ ಮೇಲೆ ತೊಟ್ಟಿಗೆ ರಕ್ತ ಸಾಲದೆ ಅದು ನೀಲಿಗಟ್ಟಿದರೆ ಅಲ್ಲೇ ಕಸಿಗೆ ಬದಲಾಯಿಸುವ ನಿರ್ಧಾರ ಮಾಡಬೇಕಾಗುತ್ತದೆ. ಅದು ತೊಟ್ಟನ್ನು ಉಳಿಸಲು ಮಾಡುವ ಕೆಲಸ. ಮೊದಲೇ ತಿಳಿದಿದ್ದರೆ ಎಚ್ಚರವಾದಾಗ ಆಘಾತವಾಗುವುದಿಲ್ಲ.

ಪ್ರಶ್ನೆ: ನನಗೆ ಕಸಿ ಮಾಡಿ ಒಂದೂವರೆ ವರ್ಷವಾಯಿತು. ಗಾಯ ಚೆನ್ನಾಗಿ ಮಾಯಿದೆ. ಆದರೆ ತೊಟ್ಟಿನ ಸುತ್ತಲಿನ ಕಂದು ವಲಯದಲ್ಲಿ ಅಲ್ಲಲ್ಲಿ ಬಿಳಿ ಮಚ್ಚೆಗಳು ಉಳಿದಿವೆ. ಅತ್ತೆ ನೋಡಿ ತೊನ್ನು ಎಂದರು. ಅಂದಿನಿಂದ ನಿದ್ದೆ ಇಲ್ಲ.

ಉತ್ತರ: ಕಸಿಯ ಗೆರೆಯೊಳಗಷ್ಟೇ ಇರುವ ಬಿಳಿ ಮಚ್ಚೆ ತೊನ್ನಲ್ಲ. ಬಣ್ಣ ಕೊಡುವ ಕೋಶಗಳು ಚರ್ಮದ ಮೇಲ್ಪದರದ ತಳದಲ್ಲಿರುತ್ತವೆ. ಮೊದಲ ವಾರಗಳಲ್ಲಿ ಆ ಪದರ ಆಳವಾಗಿ ಒಣಗಿ ಉದುರಿದ ಕಡೆ ಅವೂ ಹೋಗಿರುತ್ತವೆ. ಅಂಚಿನಿಂದಲೂ ಕೂದಲ ಬುಡಗಳಿಂದಲೂ ಹೊಸ ಕೋಶಗಳು ನಿಧಾನವಾಗಿ ಸರಿದು ಬರುವುದರಿಂದ ಬಣ್ಣ ಮರಳಲು ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಅದಕ್ಕಿಂತಲೂ ಹೆಚ್ಚು ಬೇಕು. ನಮ್ಮ ಕಂದು ಮೈಬಣ್ಣದವರಲ್ಲಿ ಈ ಮಚ್ಚೆ ಎದ್ದು ಕಾಣುತ್ತದೆ, ಬಿಳಿಯ ಮೈಬಣ್ಣದವರಲ್ಲಿ ಇದೇ ಬದಲಾವಣೆ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ದೇಹದ ಬೇರೆಡೆ, ಉದಾಹರಣೆಗೆ ಬೆರಳ ತುದಿ, ತುಟಿ, ಮೊಣಕೈಗಳಲ್ಲಿ ಬಿಳಿ ಮಚ್ಚೆ ಇದ್ದರೆ ಮಾತ್ರ ಚರ್ಮವೈದ್ಯರಿಗೆ ತೋರಿಸಿ, ಏಕೆಂದರೆ ತೊನ್ನು ಇರುವವರಲ್ಲಿ ಗಾಯವಾದ ಜಾಗದಲ್ಲಿ ಹೊಸ ಮಚ್ಚೆ ಏಳುವುದುಂಟು. ತೊನ್ನೇ ಆಗಿದ್ದರೂ ಅದು ಅಂಟುರೋಗವಲ್ಲ ಎಂಬುದನ್ನು ಅತ್ತೆಯವರಿಗೂ ಹೇಳಿ.

ನಿಮಗೆ ಒಂದೂವರೆ ವರ್ಷ ಕಳೆದಿರುವುದರಿಂದ ಇನ್ನು ತಾನಾಗಿ ತುಂಬುವ ಬಣ್ಣ ಸ್ವಲ್ಪವೇ. ಬೇಕೆನಿಸಿದರೆ ವೈದ್ಯಕೀಯ ಹಚ್ಚೆ ಹಾಕಿಸಬಹುದು. ತರಬೇತಿ ಪಡೆದವರು ಸುತ್ತಲಿನ ಛಾಯೆಗೆ ಹೊಂದುವ ಎರಡು ಮೂರು ಬಣ್ಣಗಳನ್ನು ಬೆರೆಸಿ ಮಚ್ಚೆಯ ಮೇಲಷ್ಟೇ ಹಾಕುತ್ತಾರೆ. ಜಾತ್ರೆಯ ಹಚ್ಚೆಯಂಗಡಿಗೆ ಹೋಗುವ ಕೆಲಸವಲ್ಲ ಇದು. ಸೂಜಿಯ ಶುದ್ಧತೆಯ ಜೊತೆಗೆ, ಕಸಿ ಚರ್ಮ ಎಷ್ಟು ಆಳಕ್ಕೆ ಬಣ್ಣ ಹಿಡಿಯುತ್ತದೆಂಬ ಅಂದಾಜೂ ಬೇಕು. ಗಾಯದ ಕಲೆ ಉಬ್ಬಿ ಬೆಳೆಯುವ ಸ್ವಭಾವ ನಿಮ್ಮ ಚರ್ಮಕ್ಕಿದ್ದರೆ ಮೊದಲೇ ತಿಳಿಸಿ.

ಇನ್ನೊಂದು ಎಚ್ಚರ. ಪೂರ್ತಿ ಮಾಯ್ದ ತೊಟ್ಟಿನಲ್ಲಿ ವರ್ಷಗಳ ನಂತರ ಒಂದೇ ಬದಿಯಲ್ಲಿ ಕಜ್ಜಿಯಂತೆ ಸಿಪ್ಪೆ ಏಳುತ್ತಿದ್ದರೆ, ರಸಿಕೆ ಒಸರುತ್ತಿದ್ದರೆ, ಮುಲಾಮಿಗೆ ಬಗ್ಗದಿದ್ದರೆ, ಅದನ್ನು ಹಳೆಯ ಕಸಿಯ ತಲೆಗೆ ಕಟ್ಟದೆ ಚರ್ಮದ ಚೂರು ತೆಗೆಸಿ ಪರೀಕ್ಷೆ ಮಾಡಿಸಬೇಕು. ತೊಟ್ಟಿನ ಚರ್ಮದಲ್ಲಿ ಕಾಣುವ ಪ್ಯಾಜೆಟ್ ಕಾಯಿಲೆ ಎಂಬ ಬಗೆಯ ಕ್ಯಾನ್ಸರ್ ಹೀಗೆಯೇ ಆರಂಭವಾಗುತ್ತದೆ.

ತೊಟ್ಟು ಮುಂಚಾಚಬೇಕೆಂಬ ಆಸೆಯೂ ಇದ್ದರೆ ಅನುಕ್ರಮ ಮುಖ್ಯ. ಪಕ್ಕದ ಚರ್ಮವನ್ನೇ ಮಡಿಚಿ ತೊಟ್ಟನ್ನು ಎತ್ತುವ ಸಣ್ಣ ಶಸ್ತ್ರಕ್ರಿಯೆ ಮೊದಲು. ಅದು ಮಾಯಿ ಆಕಾರ ನೆಲೆಗೊಂಡ ಮೇಲೆ, ಸುಮಾರು ಮೂರು ತಿಂಗಳ ನಂತರ, ಹಚ್ಚೆ. ಹೀಗೆ ಎತ್ತಿದ ತೊಟ್ಟು ಮೊದಲ ವರ್ಷದಲ್ಲಿ ಗಮನಾರ್ಹವಾಗಿ ತಗ್ಗುವುದರಿಂದ ಶಸ್ತ್ರಚಿಕಿತ್ಸಕರು ಬೇಕಾದದ್ದಕ್ಕಿಂತ ಎತ್ತರವಾಗಿಯೇ ಕಟ್ಟುತ್ತಾರೆ. ಹಚ್ಚೆಯ ಬಣ್ಣವೂ ಕೆಲವು ವರ್ಷಗಳಲ್ಲಿ ಮಾಸುತ್ತದೆ, ಆಗ ಮತ್ತೊಮ್ಮೆ ಹಾಕಿಸಿಕೊಳ್ಳಬೇಕಾಗುತ್ತದೆ.