ಏಳನೇ ತಿಂಗಳ ಸೊಂಟನೋವಿಗೆ ಆಸ್ಟಿಯೋಪತಿ ಮಾಡಿಸಬಹುದಾ?

ನಿಮಗೆ ಏಳು ತಿಂಗಳು, ಸೊಂಟನೋವು. ಆಸ್ಟಿಯೋಪತಿ (ಕೈಯಿಂದ ಒತ್ತಿ, ಎಳೆದು ಮೈನೋವಿಗೆ ಕೊಡುವ ಚಿಕಿತ್ಸೆ) ಮಾಡಿಸಬಹುದಾ, ಹುಟ್ಟಿದ ಮೇಲೆ ಮಗುವಿಗೂ ಬೇಕಾ ಅಂತ ಕೇಳಿದ್ದೀರಿ.

ನಿಮ್ಮ ಡಾಕ್ಟರನ್ನು ಕೇಳಿಕೊಂಡು ಮಾಡಿಸಬಹುದು. ಗರ್ಭಿಣಿಯರನ್ನು ನೋಡಿ ಅಭ್ಯಾಸ ಇರುವವರ ಹತ್ತಿರವೇ ಹೋಗಿ. ಮಗ್ಗುಲಿಗೆ ಮಲಗಿಸಿ, ಮಂಡಿಗಳ ನಡುವೆ ದಿಂಬಿಟ್ಟು, ಮೆಲ್ಲಗೆ ಒತ್ತಬೇಕು. ತುಂಬಾ ಹೊತ್ತು ಅಂಗಾತ ಮಲಗಿಸಿದರೆ ಬೇಡ ಅನ್ನಿ. ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತಬಹುದು. ನೋವು ಸ್ವಲ್ಪ ಇಳಿಯಬಹುದು, ಅಷ್ಟೇ. ರಕ್ತ ಕಂಡರೆ, ನೀರು ಹೋದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಸೀದಾ ಆಸ್ಪತ್ರೆಗೆ ಹೋಗಿ.

ಮಗುವಿಗೆ ಸುಮ್ನೆ ಮಾಡಿಸಬೇಡಿ. ಕೋಲಿಕ್ ಅಳು (ಆರೋಗ್ಯವಾಗಿರುವ ಎಳೆಕೂಸು ಕಾರಣ ತಿಳಿಯದೆ ತುಂಬಾ ಹೊತ್ತು ಅಳುವುದು) ಇದರಿಂದ ನಿಲ್ಲುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಅದು 6 ವಾರದ ಹೊತ್ತಿಗೆ ಜಾಸ್ತಿಯಾಗಿ, 3–4 ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ಆಗ ಯಾರು ಮುಟ್ಟಿದ್ದರೋ ಅವರಿಗೆ ಹೆಸರು, ಅಲ್ವಾ! ಕತ್ತು ಒಂದೇ ಕಡೆ ವಾಲಿದ್ದರೆ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ.