ಆಮದಿನಿಂದ ಹೋದ ಕೆಲಸಕ್ಕೆ ಮಾತ್ರ ನೆರವೇಕೆ? – ಸಂಪಾದಕರ ಉತ್ತರ

ಮಾನ್ಯರೆ,

ಯಂತ್ರ ಬಂದು ಕೆಲಸ ಕಳೆದುಕೊಂಡವನಿಗೆ ಸಾಮಾನ್ಯ ನಿರುದ್ಯೋಗ ವಿಮೆಯಷ್ಟೇ ಗತಿಯಾಗಿರುವಾಗ, ವಿದೇಶಿ ಸರಕಿನ ಪೈಪೋಟಿಯಿಂದ ಕೆಲಸ ಕಳೆದುಕೊಂಡವನಿಗೆ ಅಮೆರಿಕ ಸರ್ಕಾರ ‘ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್’ ಎಂಬ ಯೋಜನೆಯಡಿ ಪ್ರತ್ಯೇಕ ನೆರವು ಕೊಟ್ಟದ್ದು ಯಾವ ನ್ಯಾಯ ಎಂದು ಕೇಳಿದ್ದೀರಿ. ಆ ಯೋಜನೆ ಈಗ ನಿಂತುಹೋಗಿರುವುದೇ ಅದರ ನಿರರ್ಥಕತೆಗೆ ಸಾಕ್ಷಿಯಲ್ಲವೇ ಎಂದೂ ಬರೆದಿದ್ದೀರಿ. ನಿಮ್ಮ ಮೊದಲ ಆಕ್ಷೇಪದಲ್ಲಿ ಹುರುಳಿದೆ, ಎರಡನೆಯದನ್ನು ಒಪ್ಪಲಾರೆ.

ಈ ನೆರವಿನ ಹಿಂದೆ ಇದ್ದದ್ದು ಅನುಕಂಪಕ್ಕಿಂತ ಹೆಚ್ಚಾಗಿ ಒಂದು ರಾಜಕೀಯ ಒಡಂಬಡಿಕೆ. ಉಕ್ಕು ಕಾರ್ಮಿಕರ ಸಂಘದ ಅಧ್ಯಕ್ಷ ಡೇವಿಡ್ ಮೆಕ್‌ಡೊನಾಲ್ಡ್ ಅವರು 1954ರಲ್ಲೇ, ವಿದೇಶಿ ಆರ್ಥಿಕ ನೀತಿಯನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ರಾಂಡಲ್ ಆಯೋಗದ ಸದಸ್ಯರಾಗಿ ಇಂಥದೊಂದು ಸಲಹೆ ಮುಂದಿಟ್ಟಿದ್ದರು. 1962ರಲ್ಲಿ ಅಧ್ಯಕ್ಷ ಕೆನಡಿಯವರಿಗೆ ಆಮದು ಸುಂಕ ಇಳಿಸುವ ಮಾತುಕತೆಗೆ ಅಧಿಕಾರ ಬೇಕಾಗಿತ್ತು, ಅದಕ್ಕೆ ಕಾರ್ಮಿಕ ಸಂಘಗಳ ಸಮ್ಮತಿಯೂ ಬೇಕಾಗಿತ್ತು. ಹಾಗಾಗಿ ಆ ವರ್ಷದ ವ್ಯಾಪಾರ ವಿಸ್ತರಣಾ ಕಾಯಿದೆಯಲ್ಲೇ ಈ ನೆರವು ಸೇರಿಕೊಂಡಿತು. ಸುಂಕ ಇಳಿದಾಗ ಬರುವ ಲಾಭ ಕೋಟ್ಯಂತರ ಗ್ರಾಹಕರಲ್ಲಿ ಹಂಚಿಹೋಗುತ್ತದೆ, ನಷ್ಟ ಮಾತ್ರ ಕೆಲವೇ ಊರುಗಳ ಮೇಲೆ ಒಮ್ಮೆಗೇ ಬೀಳುತ್ತದೆ, ಆ ಸುಂಕ ಇಳಿಕೆಗೆ ಸಹಿ ಹಾಕಿದ್ದು ಸರ್ಕಾರವೇ ಆದ್ದರಿಂದ ಅದಕ್ಕೊಂದು ಹೊಣೆಯಿದೆ ಎಂಬುದು ಇದರ ಹಿಂದಿನ ತರ್ಕ. ಯಂತ್ರದ ವಿಷಯದಲ್ಲಿ ಅಂಥ ಸಹಿ ಇಲ್ಲ. ತರ್ಕವೇನೋ ಸರಿಯೇ, ಆದರೆ ಕೆಲಸ ಕಳೆದುಕೊಂಡವನ ಮನೆಯ ಖರ್ಚಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂಬ ನಿಮ್ಮ ಮಾತಿಗೆ ಅದು ಉತ್ತರವಾಗದು.

ಯೋಜನೆ ಎಡವಿದ್ದೂ, ಕೆಲಸ ಹೋದದ್ದು ಆಮದಿನಿಂದಲೇ ಎಂಬುದರ ರುಜುವಾತಿನಲ್ಲೇ. ಮೊದಲ ಕಾಯಿದೆಯ ಷರತ್ತು ಎಷ್ಟು ಬಿಗಿಯಾಗಿತ್ತೆಂದರೆ 1969ರವರೆಗೆ ಕಾರ್ಮಿಕರ ಒಂದು ಅರ್ಜಿಯೂ ಮಂಜೂರಾಗಲಿಲ್ಲ. ಕಾರ್ಮಿಕ ನಾಯಕರು ಅದನ್ನು ‘ಶವಸಂಸ್ಕಾರದ ವಿಮೆ’ ಎಂದು ಹಂಗಿಸಿದ್ದರಲ್ಲಿ ಆಶ್ಚರ್ಯವಿಲ್ಲ. 1974ರ ಕಾಯಿದೆ ಷರತ್ತನ್ನು ಸಡಿಲಿಸಿತು. ಒಂದೇ ಕಾರ್ಖಾನೆಯ ಮೂವರು ಕಾರ್ಮಿಕರು ಸೇರಿ ಅರ್ಜಿ ಹಾಕಿದರೂ ಸಾಕಾಗಿತ್ತು, ಅವರ ಪರವಾಗಿ ಸಂಘವೂ ಹಾಕಬಹುದಿತ್ತು. ಅರ್ಜಿ ಬಂದ ಮೇಲೆ ಕಾರ್ಮಿಕ ಇಲಾಖೆಯ ತನಿಖಾಧಿಕಾರಿ ಕಂಪನಿಯ ಮಾರಾಟ ಮತ್ತು ಉತ್ಪಾದನೆಯ ಲೆಕ್ಕ ತರಿಸಿಕೊಳ್ಳುತ್ತಿದ್ದರು; ಅಗತ್ಯವೆನಿಸಿದರೆ ಕಂಪನಿಯ ಗಿರಾಕಿಗಳಿಗೂ ಪ್ರಶ್ನಾವಳಿ ಕಳುಹಿಸಿ, ಇವರಿಂದ ಕೊಳ್ಳುವುದನ್ನು ಕಡಿಮೆ ಮಾಡಿ ವಿದೇಶಿ ಮಾಲನ್ನು ಹೆಚ್ಚು ತರಿಸಿಕೊಂಡಿರಾ ಎಂದು ವಿಚಾರಿಸುತ್ತಿದ್ದರು. ಅಂದರೆ ಇಪ್ಪತ್ತು ವರ್ಷ ದುಡಿದವನ ಅರ್ಹತೆ, ಅವನು ಎಂದೂ ಕಾಣದ ಯಾವುದೋ ಖರೀದಿ ವಿಭಾಗದ ಗುಮಾಸ್ತ ತುಂಬುವ ನಮೂನೆಯ ಮೇಲೆ ನಿಲ್ಲಬಹುದಿತ್ತು.

ಮಂಜೂರಾದವರಿಗೂ ಹಾದಿ ಸಲೀಸಾಗಿರಲಿಲ್ಲ. ನಿರುದ್ಯೋಗ ವಿಮೆ ಮುಗಿದ ಮೇಲೆ ಸಿಗುವ ವಾರದ ಭತ್ಯೆ ಬೇಕೆಂದರೆ ಸಾಮಾನ್ಯವಾಗಿ ಮಾನ್ಯತೆ ಪಡೆದ ತರಬೇತಿಗೆ ಸೇರಲೇಬೇಕಿತ್ತು. 2002ರ ನಿಯಮದಂತೆ ಅದಕ್ಕಿದ್ದ ಗಡುವು, ಮಂಜೂರಾತಿಯಿಂದ 8 ವಾರ ಅಥವಾ ಕೆಲಸ ಹೋದ ದಿನದಿಂದ 16 ವಾರ, ಯಾವುದು ತಡವೋ ಅದು. ಈ ತರಬೇತಿಯಿಂದ ಫಲ ಸಿಕ್ಕಿತೇ ಎಂಬುದಕ್ಕೆ ಎರಡು ಬಗೆಯ ಉತ್ತರಗಳಿವೆ. ಕಾರ್ಮಿಕ ಇಲಾಖೆಗಾಗಿ ಮ್ಯಾಥಮ್ಯಾಟಿಕಾ ಸಂಸ್ಥೆ ನಡೆಸಿ 2012ರಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ, ನಾಲ್ಕು ವರ್ಷಗಳಾದರೂ ಫಲಾನುಭವಿಗಳ ಗಳಿಕೆ ಇತರ ನಿರುದ್ಯೋಗಿಗಳಿಗಿಂತ ಹಿಂದೆಯೇ ಇತ್ತು. ಅರ್ಥಶಾಸ್ತ್ರಜ್ಞ ಬೆಂಜಮಿನ್ ಹೈಮನ್ ಬೇರೊಂದು ದಾರಿ ಹಿಡಿದರು. ಉದಾರ ಮನೋಭಾವದ ತನಿಖಾಧಿಕಾರಿಯ ಕೈಗೆ ಬಿದ್ದ ಅರ್ಜಿದಾರರನ್ನು ಬಿಗಿ ಕೈಯವರ ಪಾಲಾದವರೊಂದಿಗೆ ಹೋಲಿಸಿದಾಗ, ನೆರವು ಪಡೆದವರು ಹತ್ತು ವರ್ಷಗಳಲ್ಲಿ ಒಟ್ಟು ಸುಮಾರು 50,000 ಡಾಲರ್ ಹೆಚ್ಚು ಗಳಿಸಿದ್ದು ಕಂಡಿತು. ತರಗತಿಯಲ್ಲಿ ಕೂತಷ್ಟು ಕಾಲ ಸಂಬಳವಿರುವುದಿಲ್ಲವಾದ್ದರಿಂದ ಆರಂಭದ ವರ್ಷಗಳಷ್ಟನ್ನೇ ನೋಡಿ ತೀರ್ಪು ಕೊಡುವುದು ಆತುರವೆಂದು ನನಗನ್ನಿಸುತ್ತದೆ.

ಇದಕ್ಕಿಂತ ಸರಳವಾದ, ಆದರೆ ಹೆಚ್ಚು ಸುದ್ದಿಯಾಗದ ಭಾಗವೆಂದರೆ 2002ರಲ್ಲಿ ಸೇರಿಸಿದ ವೇತನ ವಿಮೆ. 50 ದಾಟಿದವರು ಹಳೆಯದಕ್ಕಿಂತ ಕಡಿಮೆ ಸಂಬಳದ ಕೆಲಸ ಹಿಡಿದರೆ ವ್ಯತ್ಯಾಸದ ಅರ್ಧವನ್ನು ಸರ್ಕಾರ ಎರಡು ವರ್ಷ ತುಂಬಿಕೊಡುತ್ತಿತ್ತು. ವರ್ಷಕ್ಕೆ 40,000 ಡಾಲರ್ ಪಡೆಯುತ್ತಿದ್ದವರು 30,000ದ ಕೆಲಸಕ್ಕೆ ಸೇರಿದರೆ ವರ್ಷಕ್ಕೆ 5,000ದಂತೆ ಎರಡು ವರ್ಷಕ್ಕೆ 10,000 ಸಿಗುತ್ತಿತ್ತು; ಅದೇ ಗರಿಷ್ಠ ಮಿತಿಯೂ ಹೌದು. ಐವತ್ತೈದರ ವಯಸ್ಸಿನಲ್ಲಿ ಹೊಸ ಕಸುಬು ಕಲಿಯಲು ಹೋಗೆನ್ನುವುದಕ್ಕಿಂತ ಇದು ಮರ್ಯಾದೆಯ ನೆರವು.

ಇನ್ನು ಯೋಜನೆ ನಿಂತ ವಿಚಾರ. ಅದರ ಅವಧಿ ತೀರಿ, 2022ರ ಜುಲೈ 1ರಿಂದ ಕಾರ್ಮಿಕ ಇಲಾಖೆ ಹೊಸ ಅರ್ಜಿಗಳನ್ನು ಮಂಜೂರು ಮಾಡುವುದನ್ನು ಬಿಟ್ಟಿತು; ಅದಕ್ಕೆ ಮೊದಲೇ ಅರ್ಹರಾದವರಿಗೆ ಸೌಲಭ್ಯ ಮುಂದುವರಿಯಿತು. 2002ರಲ್ಲೂ 2015ರಲ್ಲೂ ಇದರ ನವೀಕರಣ ನಡೆದದ್ದು, ಅಧ್ಯಕ್ಷರಿಗೆ ವ್ಯಾಪಾರ ಒಪ್ಪಂದ ಕುದುರಿಸುವ ಅಧಿಕಾರ ಕೊಡುವ ಚೌಕಾಸಿಯ ಜೊತೆಗೇ. ಅಂಥ ಒಪ್ಪಂದಗಳ ಉತ್ಸಾಹ ಇಳಿದ ಮೇಲೆ ಯಾರ ಸಮ್ಮತಿಯನ್ನೂ ಕೊಳ್ಳುವ ಅಗತ್ಯ ಉಳಿಯಲಿಲ್ಲ. ಆದ್ದರಿಂದ ಯೋಜನೆ ನಿಂತದ್ದನ್ನು ಅದರ ಫಲಿತಾಂಶದ ಮೇಲಿನ ತೀರ್ಪೆಂದು ನಾನು ಓದುವುದಿಲ್ಲ.

ನಿಮ್ಮ ಮೊದಲ ಆಕ್ಷೇಪಕ್ಕೆ ಹೆಚ್ಚು ಹತ್ತಿರದ ಉತ್ತರ ಯುರೋಪಿನಲ್ಲಿದೆ. ಜಾಗತೀಕರಣದ ಹೊಡೆತಕ್ಕೆಂದು ಯುರೋಪಿಯನ್ ಒಕ್ಕೂಟ 2006ರಲ್ಲಿ ರೂಪಿಸಿದ ನಿಧಿ, 2021ರ ಹೊಸ ನಿಯಮಗಳ ನಂತರ ಯಾಂತ್ರೀಕರಣವೂ ಸೇರಿದಂತೆ ದೊಡ್ಡ ಪ್ರಮಾಣದ ಯಾವುದೇ ಪುನಾರಚನೆಗೆ ಅನ್ವಯಿಸುತ್ತದೆ. ಅಲ್ಲಿಯೂ ಸಾಮಾನ್ಯವಾಗಿ ಕನಿಷ್ಠ 200 ಮಂದಿ ಕೆಲಸ ಕಳೆದುಕೊಂಡಿರಬೇಕು, ಮತ್ತು ಅರ್ಜಿ ಹಾಕಬೇಕಾದದ್ದು ಸದಸ್ಯ ರಾಷ್ಟ್ರದ ಸರ್ಕಾರ. ಹಾಗಾಗಿ ಐವತ್ತು ಜನರ ಕಾರ್ಖಾನೆಯೊಂದೇ ಮುಚ್ಚಿದರೆ ಅಲ್ಲಿನವರು ಹೆಚ್ಚಾಗಿ ಈ ನಿಧಿಯ ಹೊರಗೇ ಉಳಿಯುತ್ತಾರೆ.

– ಸಂ.